22 ಮೀಟರ್ ಕೇಬಲ್, ಒಂದು ಮೊಳೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಮೊಬೈಲ್ ಸಿಗ್ನಲ್ ಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಅದಕ್ಕೇ ನಾಲ್ಕು ವರ್ಷದ ಹಿಂದೆ ಫೈಬರ್ ಹಾಕಿಸಿದೆವು. ನಾನು ಪೇಟೆಯ ಏಳು ಅಂಗಡಿಗಳ ಲೆಕ್ಕ ನೋಡುತ್ತೇನೆ. ತಿಂಗಳ 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ 3ಬಿ ಹಾಕಬೇಕು. ನೆಟ್ ಇಲ್ಲ ಅಂದರೆ ಕೆಲಸ ಇಲ್ಲ.

ಮನೆಯ ಜೋಡಣೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಫೈಬರ್ ವೈರು ತೋಟದ ಅಡಿಕೆ ಮರಗಳ ಮೇಲೇ ಬಂದು ಮಹಡಿ ಕಿಟಕಿಯಲ್ಲಿ ಒಳಗೆ ಹೊಕ್ಕುತ್ತದೆ. ಫೈಬರಿನ ನೆಟ್ಟನ್ನು ಮನೆಗೆ ಹಂಚುವ ಬಾಕ್ಸ್ ಅಲ್ಲೇ ಇದೆ, ಇನ್ವರ್ಟರ್ ಕರೆಂಟಿನಲ್ಲಿ ನಡೆಯುತ್ತದೆ. ಕಂಪ್ಯೂಟರ್ ಕೆಳಗೆ, ಜಗಲಿ ಪಕ್ಕದ ಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ವೈ-ಫೈ ಆ ಕೋಣೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಹಾಗಾಗಿ 22 ಮೀಟರ್ ಲ್ಯಾನ್ ಕೇಬಲ್ ತಂದು, ಮಹಡಿ ಕಿಟಕಿಯಿಂದ ಹೊರಗೆ ಬಿಟ್ಟು, ಸೂರಿನ ಕೆಳಗೆ ಗೋಡೆಗುಂಟ ಇಳಿಸಿ, ಕೆಳಗಿನ ಕಿಟಕಿಯಿಂದ ಒಳಗೆ ತೆಗೆದುಕೊಂಡಿದ್ದೆ. ಮನೆ ಒಳಗೆ ಬಳಸುವ ಸಾದಾ ಕೇಬಲ್. ಹೊರಗೆ ಬರೀ ಆರು ಮೀಟರ್ ಅಲ್ವಾ, ಏನಾಗುತ್ತೆ ಅಂದುಕೊಂಡಿದ್ದೆ.

ಜುಲೈ 5, ಶನಿವಾರ

ಆರಿದ್ರೆ ಮಳೆ ಮುಗಿದು ಪುನರ್ವಸು ಹಿಡಿಯುವ ದಿನ. ಸಂಜೆಯಿಂದ ಗಾಳಿ. ಏಳೂವರೆಗೆ ಕರೆಂಟ್ ಹೋಯಿತು, ಒಂಬತ್ತಕ್ಕೆ ನೆಟ್ ಹೋಯಿತು. ಬಾಕ್ಸಿನಲ್ಲಿ ಎಲ್‌ಓಎಸ್ ಅಂತ ಇರುವ ಕಡೆ ಕೆಂಪು ದೀಪ ಮಿಣುಕುತ್ತಿತ್ತು. ಅದು ಕೆಂಪಾದರೆ ಫೈಬರ್‌ನಲ್ಲಿ ನೆಟ್ ಹೊತ್ತು ತರುವ ಬೆಳಕು ಬರುತ್ತಿಲ್ಲ ಅಂತ. ಮನೆಯೊಳಗೆ ಮಾಡುವಂಥದ್ದು ಏನೂ ಇರಲ್ಲ.

ಜುಲೈ 6, ಭಾನುವಾರ

ಗುಡ್ಡ ಹತ್ತಿ ಲೈನಿನ ಹುಡುಗನಿಗೆ ಫೋನ್ ಮಾಡಿ ಬಂದೆ. ಉಂಬಳ ಮೂರು ಕಡೆ ಕಚ್ಚಿತ್ತು.

ಜುಲೈ 7, ಸೋಮವಾರ

ಮಧ್ಯಾಹ್ನ ಬಂದ. ತೋಟದಲ್ಲಿ ಒಂದು ಅಡಿಕೆ ಹಾಳೆ ಸೋಗೆ ಸಮೇತ ವೈರಿನ ಮೇಲೆ ಬಿದ್ದು, ಮರಕ್ಕೆ ಕೊಕ್ಕೆ ಹಾಕಿದ ಜಾಗದಲ್ಲಿ ವೈರು ಮಡಚಿಕೊಂಡಿತ್ತು. ಅವನ ಮೀಟರಿನಲ್ಲಿ ಬೆಳಕಿನ ಬಲ ಮೈನಸ್ 31 ಡಿಬಿಎಂ. ಮೈನಸ್ 27 ದಾಟಿದರೆ ಬಾಕ್ಸ್ ಹಿಡಿಯಲ್ಲ ಅಕ್ಕಾ ಅಂದ. ಮಡಚಿದ ಜಾಗ ಕತ್ತರಿಸಿ ಜೋಡಿಸಿದ ಮೇಲೆ ಮೈನಸ್ 22 ಬಂತು. ಕೆಂಪು ದೀಪ ಆರಿತು, ಫೈಬರ್ ಕೂಡಿದೆ ಅನ್ನುವ ಪಾನ್ ದೀಪ ಹಸಿರಾಗಿ ನಿಂತಿತು. ಫೋನುಗಳಲ್ಲಿ ಎರಡು ದಿನದ ವಾಟ್ಸಾಪ್ ದಬದಬ ಬಿತ್ತು. ದುಡ್ಡು ಬೇಡ ಅಂದ. ಹಲಸಿನ ಹಪ್ಪಳ ತಿಂದು, ಕಾಫಿ ಕುಡಿದು ಹೋದ.

ಮನೆಗೆ ಕರೆಂಟ್ ಇನ್ನೂ ಬಂದಿರಲಿಲ್ಲ. ಕಂಪ್ಯೂಟರ್ ಇನ್ವರ್ಟರ್ ಮೇಲೆ ಇಲ್ಲ, ಹಾಗಾಗಿ ಅದನ್ನು ಹಾಕಿ ನೋಡಲು ಆಗಲಿಲ್ಲ. ಇದು ಮುಂದೆ ಮುಖ್ಯ ಆಗುತ್ತದೆ.

ಜುಲೈ 8, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಬಂತು. ಕಂಪ್ಯೂಟರ್ ಹಾಕಿದೆ. ನೆಟ್ ಇಲ್ಲ. ಒಮ್ಮೆ ಕೇಬಲ್ ಕಿತ್ತಿದೆ ಅನ್ನುತ್ತದೆ, ಒಮ್ಮೆ ಗುರುತಿಲ್ಲದ ನೆಟ್‌ವರ್ಕ್ ಅನ್ನುತ್ತದೆ. ಹಿಂದಿನ ಲ್ಯಾನ್ ಪೋರ್ಟಿನ ದೀಪ ಹತ್ತುವುದು, ಆರುವುದು.

ತಕ್ಷಣ ಲೈನಿನ ಹುಡುಗನಿಗೆ ಫೋನ್ ಮಾಡಿ ರೇಗಿದೆ. ನೀನು ಕತ್ತರಿಸಿ ಜೋಡಿಸಿದ ಮೇಲೇ ಹೀಗಾಗಿದ್ದು, ಏನೋ ಅರ್ಧಂಬರ್ಧ ಮಾಡಿ ಹೋಗಿದ್ದೀಯ ಅಂದೆ. ಅವನು ಪೂರ್ತಿ ಕೇಳಿಸಿಕೊಂಡು ಕೇಳಿದ: "ಅಕ್ಕಾ, ಈಗ ನೀವು ಮಾತಾಡ್ತಿರೋದು ಯಾವ ನೆಟ್ಟಲ್ಲಿ ಮಾರಾಯ್ರೆ?"

ವಾಟ್ಸಾಪ್ ಕಾಲ್. ಮಹಡಿ ಮೆಟ್ಟಿಲ ಮೇಲೆ ಕೂತು, ಅವನೇ ಸರಿ ಮಾಡಿಕೊಟ್ಟ ನೆಟ್ಟಿನಲ್ಲೇ, ಅವನಿಗೇ ಬೈಯುತ್ತಿದ್ದೆ. ಸರಿ ಅಂತ ಇಟ್ಟೆ.

ಆಮೇಲೆ ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ತೆರೆದು ನೋಡಿದ್ದು ಇಷ್ಟು. ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತೋರಿಸುವ ಐಪಿಕಾನ್ಫಿಗ್ ಹೊಡೆದರೆ 169.254 ರಿಂದ ಶುರುವಾಗುವ ವಿಳಾಸ. ಬಾಕ್ಸಿನಿಂದ ವಿಳಾಸ ಸಿಗದೆ ಹೋದಾಗ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ನಂಬರ್ ಅದು. ಪಿಂಗ್ ಅಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದಾ ಅಂತ ನೋಡುವುದು. ಪಿಂಗ್ 127.0.0.1, ಅಂದರೆ ಕಂಪ್ಯೂಟರ್ ತನ್ನನ್ನೇ ಕೂಗುವುದು: ಉತ್ತರ ಬಂತು. ಪಿಂಗ್ 192.168.1.1, ಅಂದರೆ ನಮ್ಮ ಬಾಕ್ಸು: ಉತ್ತರ ಇಲ್ಲ.

ಇಲ್ಲಿಗೆ ನಿಲ್ಲಿಸಿ ಯೋಚನೆ ಮಾಡಬೇಕಿತ್ತು. ಫೋನಿಗೆ ಬಾಕ್ಸ್ ಸಿಗುತ್ತಿದೆ, ಕಂಪ್ಯೂಟರಿಗೆ ಸಿಗುತ್ತಿಲ್ಲ. ಅಂದರೆ ತಪ್ಪು ಇರುವುದು ಬಾಕ್ಸಿನಿಂದ ಕಂಪ್ಯೂಟರಿನ ನಡುವೆ. ಆದರೆ ನಾನು ಕೂತಿದ್ದು ಕೀಬೋರ್ಡ್ ಮುಂದೆ, ಹಾಗಾಗಿ ಕೀಬೋರ್ಡಿನಲ್ಲಿ ಆಗುವುದನ್ನೆಲ್ಲ ಮಾಡಿದೆ. ನೆಟ್‌ವರ್ಕ್ ಸೆಟ್ಟಿಂಗ್ ಮೊದಲಿನಂತೆ ಮಾಡುವ ನೆಟ್‌ಶ್ ವಿನ್‌ಸಾಕ್ ರೀಸೆಟ್. ರೀಸ್ಟಾರ್ಟ್. ಐಪಿ ರೀಸೆಟ್. ರೀಸ್ಟಾರ್ಟ್. ಆಮೇಲೆ ದೊಡ್ಡ ಎಡವಟ್ಟು: ಡಿವೈಸ್ ಮ್ಯಾನೇಜರಿಗೆ ಹೋಗಿ ಲ್ಯಾನ್ ಕಾರ್ಡಿನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ತೆಗೆದುಹಾಕಿದೆ. ಡ್ರೈವರ್ ಫೈಲನ್ನೂ ಅಳಿಸಲಾ ಅಂತ ಕೇಳಿದ ಚೌಕಕ್ಕೆ ಟಿಕ್ ಕೂಡ ಹಾಕಿದೆ. ರೀಸ್ಟಾರ್ಟ್ ಆದ ಮೇಲೆ ಲ್ಯಾನ್ ಕಾರ್ಡೇ ಇಲ್ಲ. ಹಳದಿ ತ್ರಿಕೋನ ಮಾತ್ರ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು.

ಮದರ್‌ಬೋರ್ಡಿನ ನಂಬರ್ ಬರೆದುಕೊಂಡು, ಫೋನಿನಲ್ಲಿ ರಿಯಲ್‌ಟೆಕ್ ಡ್ರೈವರ್ ಇಳಿಸಿ, ಚಾರ್ಜರ್ ವೈರಿನಲ್ಲಿ ಕಂಪ್ಯೂಟರಿಗೆ ಹಾಕಿ ಕೂರಿಸುವಷ್ಟರಲ್ಲಿ ಸಂಜೆ ಐದು. ಮತ್ತೆ ಬೆಳಿಗ್ಗೆ ಇದ್ದಲ್ಲಿಗೇ ಬಂದು ನಿಂತೆ.

ಸಿಡಿಲಿಗೆ ಲ್ಯಾನ್ ಪೋರ್ಟ್ ಹೋಗಿರಬೇಕು ಅಂತ ತೀರ್ಮಾನ ಮಾಡಿದೆ. ಅತ್ತೆ ಒಲೆ ಮುಂದೆ ಕೂತೇ ಹೇಳಿದರು, "ಈ ಮಳೆಗೆ ಎಲ್ಲಿ ಸಿಡಿಲೇ? ಗುಡುಗೇ ಕೇಳಿಲ್ಲ." ಅವರು ಹೇಳಿದ್ದು ಸರಿ. ನಮ್ಮಲ್ಲಿ ಗುಡುಗು ಸಿಡಿಲು ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ. ಆಷಾಢದ ಮಳೆ ಸುಮ್ನೆ ಸುರಿಯುತ್ತದೆ. ಆದರೂ ಪೇಟೆಗೆ ಹೋಗಿದ್ದ ನಮ್ಮವರಿಗೆ ಹೇಳಿ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ತರಿಸಿದೆ. 650 ರೂಪಾಯಿ. ಅದಕ್ಕೂ ಅದೇ 169.254.

ಜುಲೈ 9, ಬುಧವಾರ

ಈ ಎಲ್ಲ ಕಥೆಯಲ್ಲಿ ನನ್ನನ್ನು ಜಾಸ್ತಿ ದಾರಿ ತಪ್ಪಿಸಿದ್ದು ಈ ದಿನ.

ಬೆಂಗಳೂರಿನಲ್ಲಿರುವ ತಂಗಿ ಮಗ ಹೇಳಿದ: "ದೊಡ್ಡಮ್ಮ, ಫೋನನ್ನ ಯುಎಸ್‌ಬಿ ವೈರಲ್ಲಿ ಕಂಪ್ಯೂಟರಿಗೆ ಹಾಕಿ ಟೆದರಿಂಗ್ ಆನ್ ಮಾಡಿ. ಫೋನಿನ ವೈ-ಫೈನೇ ಕಂಪ್ಯೂಟರಿಗೂ ಬರುತ್ತೆ." ಇದು ನನಗೆ ಗೊತ್ತೇ ಇರಲಿಲ್ಲ. ಫೋನಿನ ಸಿಗ್ನಲ್ ಹಂಚುವುದು ಮಾತ್ರ ಅಂದುಕೊಂಡಿದ್ದೆ. ಆ ಕೋಣೆಯಲ್ಲಿ ಫೋನನ್ನು ಬಾಗಿಲ ಹತ್ತಿರ ಹಿಡಿದರೆ ವೈ-ಫೈ ಒಂದು ಗೆರೆ ಬರುತ್ತದೆ. ಉದ್ದದ ವೈರು ಹಾಕಿ, ಫೋನನ್ನು ಬಾಗಿಲ ಚಿಲಕಕ್ಕೆ ಕೈಚೀಲದಲ್ಲಿ ನೇತು ಹಾಕಿದೆ. ಪಿಂಗ್ 8.8.8.8, ಅಂದರೆ ಹೊರಗಿನ ಗೂಗಲ್ ಸರ್ವರ್: ಉತ್ತರ ಬಂತು! ಖುಷಿಯಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದೆ.

ಬರಲಿಲ್ಲ. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಅಂತ ಕೆಂಪು ತ್ರಿಕೋನ. ಬ್ಯಾಂಕಿನ ಸೈಟ್, ಮೇಲ್, ಎಲ್ಲಕ್ಕೂ ಅದೇ.

ನಾನು ಲೆಕ್ಕ ಹಾಕಿದ್ದು ಹೀಗೆ. ಲ್ಯಾನ್ ಕೇಬಲ್ಲಿನಲ್ಲೂ ಬರಲ್ಲ, ಅಡಾಪ್ಟರಿನಲ್ಲೂ ಬರಲ್ಲ, ಫೋನಿನಿಂದ ಕೊಟ್ಟರೂ ಬರಲ್ಲ. ಹಾಗಾದರೆ ಕಂಪ್ಯೂಟರೇ ಕೆಟ್ಟಿದೆ, ವೈರಸ್ ಬಂದಿದೆ. ಮಧ್ಯಾಹ್ನ ಪೂರ್ತಿ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿಬಿಡೋಣ ಅಂತ ಲೆಕ್ಕದ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಹಾಕಿಲ್ಲ, ಪುಣ್ಯ.

ತೊಂದರೆ ಎರಡು ಇರಬಹುದು ಅಂತ ತಲೆಗೆ ಹೋಗಲೇ ಇಲ್ಲ. ಒಂದೇ ಕಳ್ಳನನ್ನು ಹುಡುಕುತ್ತಿದ್ದೆ.

ಜುಲೈ 10, ಗುರುವಾರ

ಮರುದಿನವೇ 11. ಪೆನ್‌ಡ್ರೈವ್ ಹಿಡಿದು ತೀರ್ಥಹಳ್ಳಿಗೆ ಹೋಗಿ, ಒಬ್ಬ ಗಿರಾಕಿಯ ಅಂಗಡಿಯಲ್ಲೇ ಕೂತು ಏಳು ಅಂಗಡಿಗಳ ಜಿಎಸ್‌ಟಿಆರ್-1 ಹಾಕಿ ಮುಗಿಸಿದೆ. ಪೇಟೆಯಲ್ಲಿ ಒಟಿಪಿ ಕುಳಿತಲ್ಲೇ ಬರುತ್ತದೆ, ಅದೊಂದು ಸುಖ.

ಅಂಗಡಿಯವರ ಮಗ ಪಿಯುಸಿ ಓದುವ ಹುಡುಗ. ಕೆಂಪು ತ್ರಿಕೋನದ ಫೋಟೋ ತೆಗೆದುಕೊಂಡು ಹೋಗಿದ್ದೆ, ತೋರಿಸಿದೆ. ಅವನು ತ್ರಿಕೋನ ನೋಡಲೇ ಇಲ್ಲ. ಎರಡು ಬೆರಳಲ್ಲಿ ಫೋಟೋದ ಕೆಳಗಿನ ಮೂಲೆ ದೊಡ್ಡದು ಮಾಡಿದ. "ಆಂಟಿ, ನಿಮ್ಮ ಕಂಪ್ಯೂಟರಲ್ಲಿ ಇನ್ನೂ 2018."

01-01-2018. ಎರಡು ದಿನ ಅದರ ಮುಂದೆ ಕೂತಿದ್ದೆ. ಕಣ್ಣಿಗೆ ಬಿದ್ದಿರಲಿಲ್ಲ. ತಾರೀಕು ತಪ್ಪಿದ್ದರೆ ಬ್ರೌಸರ್ ಯಾವ ಸೈಟಿನ ಸರ್ಟಿಫಿಕೇಟನ್ನೂ ನಂಬಲ್ಲ. ಇನ್ನೂ ಹುಟ್ಟದ ಸರ್ಟಿಫಿಕೇಟ್ ಅಂತ ತಿಳಿಯುತ್ತದೆ.

ಮದರ್‌ಬೋರ್ಡ್ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಸಿಆರ್ 2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಶನಿವಾರದಿಂದ ಮಂಗಳವಾರದವರೆಗೆ ಕರೆಂಟ್ ಇಲ್ಲ, ಬ್ಯಾಟರಿ ಸತ್ತಿತ್ತು, ಗಡಿಯಾರ ಮೊದಲಿಗೆ ಹೋಗಿತ್ತು. ಹೊಸದು 40 ರೂಪಾಯಿ. ಅಲ್ಲೇ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ 350, ಆರ್‌ಜೆ 45 ಕನೆಕ್ಟರ್ 10ಕ್ಕೆ 80, ಕೇಬಲ್ ಟೆಸ್ಟರ್ 200 ಕೊಟ್ಟು ತಂದೆ.

ಮನೆಗೆ ಬಂದು ಕಂಪ್ಯೂಟರಿನ ವೈರು ಕಿತ್ತು, ಪಕ್ಕದ ತಗಡು ಬಿಚ್ಚಿದೆ. ಬ್ಯಾಟರಿ ಪಕ್ಕದ ಕೊಂಡಿಯನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಒತ್ತಿದರೆ ತಾನೇ ಮೇಲೇಳುತ್ತದೆ. ಪಂಪ್‌ಸೆಟ್‌ಗೆ ಅಂತ ಇಟ್ಟಿರುವ ಮಲ್ಟಿಮೀಟರ್ ಹಿಡಿದರೆ ಹಳೆಯದರಲ್ಲಿ 1.9 ವೋಲ್ಟ್. ಹೊಸದರಲ್ಲಿ 3.2. ಪ್ಲಸ್ ಗುರುತು ಮೇಲಿರಬೇಕು. ಮೊದಲ ಸಲ ಹಾಕಿದಾಗ ಎಫ್1 ಒತ್ತು ಅನ್ನುತ್ತದೆ, ಹೆದರಬೇಡಿ, ಒಳಗೆ ಹೋಗಿ ತಾರೀಕು, ಸಮಯ ತುಂಬಿದರೆ ಆಯಿತು. ಹತ್ತು ನಿಮಿಷದ ಕೆಲಸ. ಫೋನ್ ಮತ್ತೆ ಬಾಗಿಲಿಗೆ ನೇತು ಹಾಕಿದೆ. ಎಲ್ಲ ಸೈಟೂ ಬಂದವು. ಒಂದು ಕಳ್ಳ ಸಿಕ್ಕಿದ.

ಜುಲೈ 11, ಶುಕ್ರವಾರ

ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇವತ್ತು ಮಾಡಿದೆ. ಸಿಪಿಯು ಎತ್ತಿಕೊಂಡು ಮಹಡಿ ಹತ್ತಿ, ಬಾಕ್ಸಿನ ಜೊತೆ ಬಂದಿದ್ದ ಒಂದು ಮೀಟರ್ ಕೇಬಲ್ ಹಾಕಿದೆ. ನೆಟ್ ಬಂತು. ಪೋರ್ಟ್ ಸರಿ, ಡ್ರೈವರ್ ಸರಿ, ಬಾಕ್ಸ್ ಸರಿ. ಉಳಿದದ್ದು 22 ಮೀಟರ್ ಮಾತ್ರ.

ಟೆಸ್ಟರಿನ ಎರಡು ತುಂಡುಗಳನ್ನು ಎರಡು ತುದಿಗೆ ಚುಚ್ಚಿದರೆ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತಬೇಕು. ನಮ್ಮದರಲ್ಲಿ 3 ಮತ್ತು 6 ಹತ್ತಲೇ ಇಲ್ಲ, 5 ಮಂಕು. ಕೆಳಗಿನ ತುದಿಯ ಕನೆಕ್ಟರನ್ನು ಟಾರ್ಚ್ ಬೆಳಕಿನಲ್ಲಿ ನೋಡಿದೆ. ಚಿನ್ನದ ಬಣ್ಣದ ಎಂಟು ಹಲ್ಲುಗಳಲ್ಲಿ ನಾಲ್ಕು ಹಸಿರಾಗಿದ್ದವು. ಪೂಜೆಯ ತಾಮ್ರದ ಚೊಂಬು ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತದಲ್ಲ, ಅದೇ ಹಸಿರು. ಕನೆಕ್ಟರನ್ನು ಕತ್ತರಿಸಿದೆ. ಕತ್ತರಿಸಿದ ಬಾಯಿಂದ ಒಂದು ಹನಿ ನೀರು ಉರುಳಿ ಮೇಜಿನ ಮೇಲೆ ಬಿತ್ತು.

ನೀರು ಎಲ್ಲಿಂದ ಬಂತು ಅಂತ ಆಗಲೇ ಕೇಳಬೇಕಿತ್ತು. ಥಂಡಿ ಇರಬೇಕು ಅಂತ ಬಟ್ಟೆಯಲ್ಲಿ ಒರೆಸಿ ಮುಂದೆ ಹೋದೆ.

ಕ್ರಿಂಪ್ ಮಾಡುವುದು ನೋಡಲು ಸುಲಭ. ಒಂದಿಂಚು ಸಿಪ್ಪೆ ಸುಲಿದು, ವೈರುಗಳನ್ನು ನೆಟ್ಟಗೆ ಮಾಡಿ ಹೀಗೆ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ. ಹಳೇ ಕೇಬಲ್ಲಿನಲ್ಲಿ ಬಿಳಿ-ನೀಲಿಯೂ ಬಿಳಿ-ಹಸಿರೂ ಬಣ್ಣ ಹೋಗಿ ಒಂದೇ ಥರ ಕಾಣುತ್ತವೆ. ಜೋಡಿ ಬಿಚ್ಚುವಾಗಲೇ ಯಾವುದು ಯಾರ ಜೊತೆ ಸುತ್ತಿಕೊಂಡಿತ್ತು ಅಂತ ನೋಡಿಟ್ಟುಕೊಳ್ಳಿ. ಆಮೇಲೆ ಅರ್ಧ ಇಂಚಿಗೆ ಸಮವಾಗಿ ಕತ್ತರಿಸಿ, ಕನೆಕ್ಟರಿನ ಕ್ಲಿಪ್ ಕೆಳಗಿರುವ ಹಾಗೆ ಹಿಡಿದು ತಳ್ಳಬೇಕು.

ಮೊದಲನೆಯದು ಕ್ಲಿಪ್ ಮೇಲೆ ಮಾಡಿ ಹಾಕಿದೆ. ಟೆಸ್ಟರಿನಲ್ಲಿ ಒಂದು ಕಡೆ 1 ಹತ್ತಿದರೆ ಇನ್ನೊಂದು ಕಡೆ 8. ಹೋಯಿತು. ಎರಡನೆಯದರಲ್ಲಿ ಹೊರಗಿನ ಸಿಪ್ಪೆ ಕನೆಕ್ಟರಿನ ಒಳಗೆ ಸೇರಿರಲಿಲ್ಲ, ಸ್ವಲ್ಪ ಎಳೆದ ಕೂಡಲೇ ಕೈಗೆ ಬಂತು. ಅದೂ ಹೋಯಿತು. ಮೂರನೆಯದು ಕೂತಿತು. 1ರಿಂದ 8, ಸಾಲಾಗಿ. ರಾತ್ರಿ ಹತ್ತರವರೆಗೆ ಕೆಲಸ ಮಾಡಿದೆ, ಒಂದು ಸಲವೂ ಕಡಿಯಲಿಲ್ಲ. ಲೈನಿನ ಹುಡುಗನಿಗೆ ಸಾರಿ ಅಂತ ಮೆಸೇಜ್ ಹಾಕಿದೆ. ಅವನು ನಗುವ ಬೊಂಬೆ ಕಳಿಸಿದ.

ಜುಲೈ 12, ಶನಿವಾರ

ರಾತ್ರಿಯೆಲ್ಲ ಇರಿಚಲು ಮಳೆ. ಬೆಳಿಗ್ಗೆ ನೆಟ್ ಇಲ್ಲ. ಹೊಸ ಕನೆಕ್ಟರಿನ ಒಳಗೆ ಮಂಜು ಕಟ್ಟಿದ ಹಾಗೆ ತೇವ.

ಹೊರಗೆ ಹೋದೆ. ಮಳೆ ಸ್ವಲ್ಪ ಹೊಳವಾದಾಗ ಏಣಿ ಇಟ್ಟು, ಕೇಬಲ್ಲನ್ನು ಕೆಳಗಿನ ಕಿಟಕಿಯಿಂದ ಬೆರಳಲ್ಲಿ ಸವರುತ್ತಾ ಮೇಲೆ ಹೋದೆ. ಬಿಸಿಲಿಗೆ ಬೂದು ಸಿಪ್ಪೆ ಅಲ್ಲಲ್ಲಿ ಸೀಳಿತ್ತು, ಆದರೆ ಕೂದಲೆಳೆಯಷ್ಟು. ಏಳಡಿ ಎತ್ತರದಲ್ಲಿ ಬೆರಳಿಗೆ ಮೊಳೆ ಸಿಕ್ಕಿತು.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇರಿಚಲು ತಡೆಯಲು ಆ ಕಡೆ ಗೋಡೆಗೆ ಟಾರ್ಪಾಲ್ ಕಟ್ಟುತ್ತೇವೆ. ಹಿಂದೆಲ್ಲ ಸೋಗೆ ತಟ್ಟಿ ಇತ್ತು. ಟಾರ್ಪಾಲಿನ ಅಂಚಿಗೆ ರೀಪು ಕೊಟ್ಟು ಮೊಳೆ ಹೊಡೆಯುವುದು. ಈ ಮೇ ತಿಂಗಳಲ್ಲಿ ನಮ್ಮವರಿಗೆ ತೋಟದಲ್ಲಿ ಕೆಲಸ ಇತ್ತು ಅಂತ ನಾನೇ ಹೊಡೆದಿದ್ದೆ. ರೀಪಿನ ಹಿಂದೆ ಕೇಬಲ್ ಇತ್ತು. ಮೊಳೆ ಅದರ ನಡುವೆ ಹೋಗಿರಲಿಲ್ಲ, ಹೋಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಉಜ್ಜಿಕೊಂಡು ಹೋಗಿ, ಸಿಪ್ಪೆಯನ್ನು ಅರ್ಧ ಇಂಚು ಉದ್ದ ಸೀಳಿತ್ತು. ಟಾರ್ಪಾಲಿನಿಂದ ಇಳಿದ ನೀರು ರೀಪಿನ ಮೇಲೆ ನಿಂತು, ಮೊಳೆಗುಂಟ ಆ ಸೀಳಿನೊಳಗೆ ಹೋಗಿ, ಕೇಬಲ್ಲಿನ ಹೊಟ್ಟೆಯಲ್ಲೇ ಕೊಳವೆಯ ಹಾಗೆ ಕೆಳಗಿಳಿದು, ಕಂಪ್ಯೂಟರಿನ ಪೋರ್ಟಿನಲ್ಲಿ ಬಂದು ನಿಲ್ಲುತ್ತಿತ್ತು. ಜೂನ್ ಪೂರ್ತಿ ತುಂಬಿ ತುಂಬಿ, ಕಿಲುಬು ಹಿಡಿದು, ಸರಿಯಾಗಿ ಫೈಬರ್ ಕೆಟ್ಟ ದಿನಗಳಲ್ಲೇ ಕೈ ಕೊಟ್ಟಿತ್ತು.

ಏಣಿ ಹಿಡಿದು ನಿಂತಿದ್ದ ನಮ್ಮವರು ಮೊಳೆ ನೋಡಿ, ನನ್ನನ್ನು ನೋಡಿ, ಏನೂ ಹೇಳಲಿಲ್ಲ.

ಟೇಪ್ ಸುತ್ತಿ ಬಿಡಬಹುದಿತ್ತು. ಆದರೆ ಒಳಗೆ ಹೋದ ನೀರು ತೆಗೆಯುವುದು ಹೇಗೆ? ಕೇಬಲ್ ಬದಲಾಯಿಸುವುದೇ ಸರಿ.

ಜುಲೈ 14, ಸೋಮವಾರ

ತೀರ್ಥಹಳ್ಳಿಯಲ್ಲಿ ಔಟ್‌ಡೋರ್ ಕೇಬಲ್ ಇರಲಿಲ್ಲ. ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿದೆ. ಕಪ್ಪು ಸಿಪ್ಪೆಯ ಕ್ಯಾಟ್ 5ಇ ದರ್ಜೆಯದು, ಮೀಟರಿಗೆ 20ರಂತೆ 25 ಮೀಟರ್, 500 ರೂಪಾಯಿ. ಕ್ಯಾಟ್ 6 ತೊಗೊಳ್ಳಿ ಅಂದರು, ಬೇಡ ಅಂದೆ. ನೂರು ಮೀಟರ್ ಒಳಗೆ ಗಿಗಾಬಿಟ್ ವೇಗಕ್ಕೆ 5ಇ ಸಾಕು. ಬಸ್ಸಿನಲ್ಲಿ ಹಾಕಿ ಕಳಿಸಿದರು. ಕಂಡಕ್ಟರಿಗೆ 30.

ಜುಲೈ 15, ಮಂಗಳವಾರ

ಹೊಸ ಕೇಬಲ್ಲನ್ನು ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ ಹಾಕಿ ಇಳಿಸಿದೆ. ಹತ್ತಡಿಯ ಎರಡು ಪೈಪು, 140 ರೂಪಾಯಿ. ಪೈಪನ್ನು ರೀಪಿನಿಂದ ಒಂದಡಿ ದೂರ ಸರಿಸಿದೆ. ಕೆಳಗಿನ ಕಿಟಕಿಗೆ ಹೋಗುವ ಮೊದಲು ಕೇಬಲ್ಲನ್ನು ತೂತಿಗಿಂತ ಅರ್ಧ ಅಡಿ ಕೆಳಗೆ ಜೋಲು ಬಿಟ್ಟು, ಮತ್ತೆ ಮೇಲೆ ತಂದು ಒಳಗೆ ತೆಗೆದುಕೊಂಡೆ. ಮೇಲಿಂದ ಇಳಿದ ನೀರು ಜೋಲಿನ ತಳದಲ್ಲಿ ಹನಿದು ಹೋಗಬೇಕು. ಮನೆಗೆ ಬರುವ ಕರೆಂಟಿನ ಸರ್ವಿಸ್ ವೈರಿಗೆ ಲೈನ್‌ಮ್ಯಾನ್‌ಗಳು ಇದೇ ಥರ ಜೋಲು ಬಿಡುತ್ತಾರೆ, ದಿನಾ ನೋಡುತ್ತಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಕಿಟಕಿ ಚೌಕಟ್ಟಿನ ತೂತನ್ನೂ ಹೊರಗಿನಿಂದ ಒಳಕ್ಕೆ ಸ್ವಲ್ಪ ಏರುವಂತೆ ಓರೆಯಾಗಿ ಕೊರೆಸಿದೆ.

ಎರಡು ತುದಿ ಕ್ರಿಂಪ್ ಮಾಡಲು ಮೂರು ಕನೆಕ್ಟರ್ ಬೇಕಾಯಿತು. ಕಪ್ಪು ಸಿಪ್ಪೆ ಗಟ್ಟಿ, ಬ್ಲೇಡು ಜೋರಾಗಿ ಒತ್ತಿ ಒಳಗಿನ ಕಂದು ವೈರನ್ನೂ ಕುಯ್ದುಬಿಟ್ಟಿದ್ದೆ. ಟೆಸ್ಟರ್ ಇರದಿದ್ದರೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೇ ವೈರು ಇದ್ದರೆ ಸಾಕು, ನೆಟ್ ಬಂದೇ ಬರುತ್ತದೆ. ಎಂಟೂ ಸರಿ ಇದ್ದರೆ ಮಾತ್ರ ಗಿಗಾಬಿಟ್. ಈಗ ಕಂಪ್ಯೂಟರಿನಲ್ಲಿ 1 ಜಿಬಿಪಿಎಸ್ ಅಂತ ತೋರಿಸುತ್ತಿದೆ. ಪಿಂಗ್ 192.168.1.1 ನೂರು ಸಲ ಬಿಟ್ಟೆ, ಒಂದೂ ತಪ್ಪಲಿಲ್ಲ.

ಖರ್ಚು: ಬೇಡದ ಯುಎಸ್‌ಬಿ ಅಡಾಪ್ಟರ್ 650, ಬ್ಯಾಟರಿ 40, ಕ್ರಿಂಪಿಂಗ್ ಟೂಲ್ 350, ಕನೆಕ್ಟರ್ 80, ಟೆಸ್ಟರ್ 200, ಕೇಬಲ್ 500, ಬಸ್ಸು 30, ಪೈಪು 140. ಒಟ್ಟು 1,990. ಹೋದ ದಿನಗಳು ಬೇರೆ. ಅಡಾಪ್ಟರನ್ನು ವಾಪಸ್ ತೊಗೊಳ್ಳಲ್ಲ ಅಂದರು. ಹಳೇ ಕೇಬಲ್ಲಿನಲ್ಲಿ ಒಳಗಿದ್ದ ಭಾಗ ಚೆನ್ನಾಗಿಯೇ ಇತ್ತು, ಅತ್ತೆ ಅದನ್ನು ಒಲೆ ಮೇಲೆ ಬಟ್ಟೆ ಒಣಗಿಸಲು ಕಟ್ಟಿಕೊಂಡಿದ್ದಾರೆ.

ಜುಲೈ 19, ಶನಿವಾರ

ನಾಲ್ಕು ದಿನ ಬಿಡದ ಮಳೆ. ಜೋಲಿನ ತಳದಲ್ಲಿ ನೀರು ಹನಿಯುತ್ತಿದೆ, ಕನೆಕ್ಟರ್ ಒಣಗಿದೆ. 3ಬಿ ಒಂದು ದಿನ ಮುಂಚೆಯೇ ಹಾಕಿ ಮುಗಿಸಿದೆ. ಟಾರ್ಪಾಲಿನ ಆ ಮೂಲೆಗೆ ಈಗ ಮೊಳೆ ಇಲ್ಲ, ಹಗ್ಗ ಕಟ್ಟಿದ್ದೇನೆ. ರಾತ್ರಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ.